ಮುಚ್ಚಳದ ತೂತು

ಈ ಸ್ಮರಣ ಸಂಪುಟಕ್ಕೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಹಿರಿಯರು ಅಪ್ಪಣೆ ಮಾಡಿದಾಗ, ಕೇಶಿರಾಜನ ಸಂಧಿಪ್ರಕರಣವನ್ನು ಕುರಿತು ಏನನ್ನಾದರೂ ಬರೆದೇನೆಂದು ಅವರೂ ಎಣಿಸಿದ್ದರು, ನಾನೂ ಎಣಿಸಿದ್ದೆ. ಟಿಪ್ಪಣಿಗಳೂ ಸಿದ್ಧವಾಗಿದ್ದವು. ಅಷ್ಟರಲ್ಲಿ ಹೊಸ ಗ್ರಂಥಾಲಯದ ಕಟ್ಟಡಕ್ಕಾಗಿ ಶಾಲೆಯ ಹಿಂಬದಿಯ ತಗಡಿನ ಷೆಡ್ಡನ್ನು ಕೆಡಹುವ ಕೆಲಸ ಮೊದಲಾಯಿತು. ಬಹುಕಾಲದಿಂದ ಅಲ್ಲಿ ನಿಂತಲ್ಲೇ ನಿಂತು, ಚಕ್ರಗಳೆಲ್ಲ ನೆಲಕಚ್ಚಿ, ಮೈಮೇಲೆ ಗುಬ್ಬಿಗಳ ಸಂಸಾರವನ್ನು ಹೊತ್ತಿದ್ದ ನಮ್ಮ ಅಂಬಾಸಿಡರ್ ಕಾರನ್ನು ಆಳುಗಳು ಹಗ್ಗ ಕಟ್ಟಿ ಹೊರಗೆಳೆದರು. ಬಿಸಿಲಿನಲ್ಲಿ ನಿಂತ ಆ ಬಿಳಿಯ ವಾಹನವನ್ನು ನೋಡಿದ ಮೇಲೆ ಸಂಧಿಪ್ರಕರಣವನ್ನು ಮುಂದುವರಿಸುವುದು ನನ್ನಿಂದಾಗಲಿಲ್ಲ. ಇಪ್ಪತ್ತೇಳು ವರ್ಷಗಳಿಂದ ನಾನು ಹೇಳದೆ ಉಳಿಸಿಕೊಂಡಿರುವ ಒಂದು ಮಾತು ಆ ಕಾರಿಗೆ ಸಂಬಂಧಿಸಿದ್ದು. ಈ ಪುಟಗಳನ್ನು ಓದುವವರು ಬಹುಮಟ್ಟಿಗೆ ನಮ್ಮವರೇ ಆದುದರಿಂದ ಇಲ್ಲಿಯೇ ಹೇಳುವುದು ಉಚಿತವೆಂದು ತೋರಿತು. ಮಂಡಳಿಯವರು ಮನ್ನಿಸಬೇಕು.

ಆ ಕಾರು ೧೯೮೪ರಲ್ಲಿ ತಯಾರಾದ ಮಾರ್ಕ್ ೪. ನಮ್ಮ ಸಂಸ್ಥೆಯ ದಾನಿಗಳೊಬ್ಬರು ತಾವು ಹತ್ತು ವರ್ಷ ಬಳಸಿ, ಸುಸ್ಥಿತಿಯಲ್ಲಿರುವಾಗಲೇ ೧೯೯೪ರಲ್ಲಿ ಶಾಲೆಗೆ ಅರ್ಪಿಸಿದ್ದರು. ಅವರ ಮನೆತನದವರು ಈ ಸಂಪುಟವನ್ನು ಓದುತ್ತಾರೆಂಬುದನ್ನು ಬಲ್ಲೆ. ಮುಂದೆ ನಾನು ಹೇಳಲಿರುವ ದೋಷ ಅವರ ಕಾರಿನದಲ್ಲವೆಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯನ್ನು ಆಧಾರವಾಗಿಟ್ಟುಕೊಂಡು ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸಿನವರು ಐವತ್ತರ ದಶಕದ ಕೊನೆಯಿಂದ ೨೦೧೪ರವರೆಗೆ ತಯಾರಿಸಿದ ವಾಹನವಿದು. ೧೪೮೯ ಘನ ಸೆಂಟಿಮೀಟರಿನ ಪೆಟ್ರೋಲ್ ಎಂಜಿನ್, ನಾಲ್ಕು ಸಿಲಿಂಡರ್. ಅವುಗಳಲ್ಲಿ ಕಿಡಿ ಹೊತ್ತುವ ಕ್ರಮ ಒಂದು, ಎರಡು, ಮೂರು, ನಾಲ್ಕು ಎಂದಲ್ಲ. ಒಂದು, ಮೂರು, ನಾಲ್ಕು, ಎರಡು ಎಂದು. ಇದನ್ನು ಮೊದಲು ಕೇಳಿದಾಗ ವೇದಪಾಠಿಗಳ ಜಟಾಪಾಠ ನೆನಪಾಗಿ ನಕ್ಕಿದ್ದೆ. ಪಾಠಶಾಲೆಯಲ್ಲಿ ತರ್ಕ, ವ್ಯಾಕರಣಗಳನ್ನು ಓದಿ ಬಂದ ನನಗೆ ಯಂತ್ರದ ಗಂಧವಿರಲಿಲ್ಲ. ಆದರೂ ಲೆಕ್ಕವನ್ನು ಶುದ್ಧವಾಗಿ ಬರೆಯುತ್ತೇನೆಂಬ ಕಾರಣದಿಂದ ವಾಹನದ ದಿನವಹಿ ನನ್ನ ಕೈಗೆ ಬಂದಿತ್ತು. ಆಗ ನನಗೆ ಮೂವತ್ತೊಂದು ವರ್ಷ. ತಿಳಿಯದ ಸಂಗತಿಗಳಲ್ಲಿ ನಿರ್ಣಯ ಕೊಡುವ ಉತ್ಸಾಹ ಆ ವಯಸ್ಸಿನಲ್ಲಿ ಬಹಳವಿರುತ್ತದೆ.

ಚಾಲಕರು ನನಗಿಂತ ಹದಿನೈದು ವರ್ಷ ದೊಡ್ಡವರು. ಯರಗಟ್ಟಿಯ ಕಡೆಯ ಹಳ್ಳಿಯವರು, ಮಿತಭಾಷಿಗಳು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕೇಳಿದ್ದರೆ ಬೇಡವೆನ್ನುತ್ತಿದ್ದರೆಂಬುದು ನನಗೆ ಗೊತ್ತು.

೧೯೯೮ರ ಮಾರ್ಚ್ ತಿಂಗಳಿನಿಂದ ಕಾರು ನಡುದಾರಿಯಲ್ಲಿ ನಿಲ್ಲತೊಡಗಿತು. ಊರೊಳಗೆ ಹತ್ತು ಸಲ ಓಡಾಡಿದರೂ ಏನೂ ಆಗುತ್ತಿರಲಿಲ್ಲ. ಸವದತ್ತಿಯಿಂದ ಧಾರವಾಡಕ್ಕೆ ಹೊರಟರೆ ಮಾತ್ರ, ಇನಾಮಹೊಂಗಲ ದಾಟಿದ ಮೇಲೆ ಎಲ್ಲಿಯೋ ಒಂದೆಡೆ, ಎಂಜಿನ್ ಎರಡು ಬಾರಿ ಬಿಕ್ಕಿ, ಒಮ್ಮೆ ಚೇತರಿಸಿಕೊಂಡು, ಮತ್ತೆ ಬಿಕ್ಕಿ, ದಮ್ಮು ಕಟ್ಟಿದವರಂತೆ ನಿಂತುಬಿಡುತ್ತಿತ್ತು. ಕೀಲಿ ತಿರುವಿದರೆ ಬ್ಯಾಟರಿ ತಿರುಗಿಸುತ್ತಿತ್ತು, ಎಂಜಿನ್ ಹತ್ತುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ತರುವಾಯ ಏನೂ ಆಗಿಲ್ಲವೆಂಬಂತೆ ಹತ್ತುತ್ತಿತ್ತು. ಹತ್ತನೆಯ ತರಗತಿಯ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಏಪ್ರಿಲ್‌ನಲ್ಲಿ ನಾವು ನಾಲ್ವರು ಶಿಕ್ಷಕರು ದಿನವೂ ಧಾರವಾಡಕ್ಕೆ ಹೋಗಿಬರುತ್ತಿದ್ದೆವು. ಆ ದಾರಿಯ ಒಂದೊಂದು ಬೇವಿನ ಮರದ ನೆರಳೂ ನಮಗೆ ಪರಿಚಿತವಾಯಿತು.

ಪೆಟ್ರೋಲ್ ಎಂಜಿನ್ನು ಓಡಲು ಪೆಟ್ರೋಲು, ಗಾಳಿ, ಸಮಯಕ್ಕೆ ಸರಿಯಾದ ಕಿಡಿ, ಈ ಮೂರು ಬೇಕು. ನಿಂತಿತೆಂದರೆ ಇವುಗಳಲ್ಲಿ ಒಂದು ತಪ್ಪಿದೆಯೆಂದೇ ಅರ್ಥ. ಆ ಕಾಲದ ಕಾರುಗಳಲ್ಲಿ ಇಂದಿನಂತೆ ಗಣಕಯಂತ್ರವಿರಲಿಲ್ಲ. ಡಿಸ್ಟ್ರಿಬ್ಯೂಟರಿನೊಳಗಿನ ಎರಡು ಸಣ್ಣ ಪಾಯಿಂಟುಗಳು ಕೂಡಿ ಅಗಲುವುದರಿಂದ ಕಾಯಿಲ್‌ನಲ್ಲಿ ಹೆಚ್ಚಿನ ಒತ್ತಡದ ವಿದ್ಯುತ್ತು ಹುಟ್ಟಿ ಪ್ಲಗ್ಗಿಗೆ ಹೋಗುತ್ತಿತ್ತು. ಪಾಯಿಂಟುಗಳ ನಡುವೆಯೇ ಕಿಡಿ ಹಾರಿ ಅವು ಸುಟ್ಟುಹೋಗದಂತೆ ಕಂಡೆನ್ಸರ್ ಎಂಬ ಬೆರಳುದ್ದದ ಡಬ್ಬಿ ಕಾಯುತ್ತಿತ್ತು. ಈ ಕಂಡೆನ್ಸರಾಗಲಿ, ಕಾಯಿಲಾಗಲಿ ಹಳತಾದರೆ ತಣ್ಣಗಿರುವಾಗ ಕೆಲಸ ಮಾಡಿ, ಕಾಯ್ದಾಗ ಕೈಕೊಡುವುದುಂಟು. ಇನ್ನು ಬೇಸಗೆಯಲ್ಲಿ, ಎಂಜಿನ್ನಿನ ಪಕ್ಕದಲ್ಲಿರುವ ಪೆಟ್ರೋಲ್ ಪಂಪಿನಲ್ಲಿಯೋ ಕೊಳವೆಯಲ್ಲಿಯೋ ಪೆಟ್ರೋಲು ಕಾಯ್ದು ಆವಿಯಾದರೆ, ಪಂಪು ದ್ರವವನ್ನು ಎಳೆಯಲಾರದೆ ಆವಿಯನ್ನೇ ಮಿದಿಯುತ್ತ ಕೂಡುತ್ತದೆ. ಹೀಗೆ ಕಾಯ್ದಾಗ ನಿಂತು ಆರಿದಾಗ ಹತ್ತುವ ಕಾರಿಗೆ ಮೂರು ಕಾರಣಗಳು ಮೂರು ಜನರ ಬಾಯಲ್ಲಿ ಸಿದ್ಧವಾಗಿದ್ದವು. ಗ್ಯಾರೇಜೊಂದರಲ್ಲಿ ಕಂಡೆನ್ಸರನ್ನೂ ಪಾಯಿಂಟುಗಳನ್ನೂ ಬದಲಿಸಿದರು. ಇನ್ನೊಂದರಲ್ಲಿ ಕಾಯಿಲ್ ಬದಲಿಸಿದರು. ಮೂರನೆಯವರು ದುಡ್ಡು ಕೇಳದೆ, ಕಾರು ನಿಂತೊಡನೆ ಪಂಪಿನ ಮೇಲೆ ಒದ್ದೆಯ ಅರಿವೆ ಹಾಕಿರೆಂದು ಉಪದೇಶಿಸಿದರು.

ಅರಿವೆಯ ಉಪಾಯ ಫಲಿಸಿತು! ಒದ್ದೆಯ ಅರಿವೆ ಹಾಕಿ ಇಪ್ಪತ್ತು ನಿಮಿಷ ಕಾಯ್ದರೆ ಕಾರು ಹತ್ತುತ್ತಿತ್ತು. ಅರಿವೆ ಹಾಕದೆ ಇಪ್ಪತ್ತು ನಿಮಿಷ ಕಾಯ್ದರೆ ಏನಾದೀತೆಂಬುದನ್ನು ಪರೀಕ್ಷಿಸಬೇಕೆಂದು ತರ್ಕಸಂಗ್ರಹವನ್ನು ಬಾಯಿಪಾಠ ಮಾಡಿದ್ದ ನನಗೂ ಹೊಳೆಯಲಿಲ್ಲ. ಕಾಗೆ ಕೂಡುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸಂಬಂಧ ಕಲ್ಪಿಸಬಾರದೆಂದು ಮಕ್ಕಳಿಗೆ ಕಾಕತಾಲೀಯ ನ್ಯಾಯವನ್ನು ವಿವರಿಸುವ ನಾನು, ದಾರಿಯಲ್ಲಿ ದಿನವೂ ಕಾಗೆಯನ್ನು ಕೂಡಿಸಿ ಹಣ್ಣಿಗಾಗಿ ಕೈಯೊಡ್ಡುತ್ತಿದ್ದೆ.

ಎರಡು ಪರೀಕ್ಷೆಗಳಿಂದ ಐದೇ ನಿಮಿಷದಲ್ಲಿ ಈ ವ್ಯಾಜ್ಯ ತೀರುತ್ತಿತ್ತೆಂದು ಈಗ ಬಲ್ಲೆ. ಕಾಯಿಲ್‌ನ ದಪ್ಪ ತಂತಿಯ ತುದಿಯನ್ನು ಎಂಜಿನ್ನಿನ ಲೋಹದ ಹತ್ತಿರ ಜೋಪಾನವಾಗಿ ಹಿಡಿದು ಕೀಲಿ ತಿರುವಿಸಿದರೆ ನೀಲಿ ಕಿಡಿ ಹಾರುತ್ತದೆಯೋ ಇಲ್ಲವೋ ಕಾಣುತ್ತದೆ. ಕಾರ್ಬ್ಯುರೇಟರಿಗೆ ಬರುವ ಕೊಳವೆಯನ್ನು ಬಿಚ್ಚಿ, ಎಂಜಿನ್ ಆರಿರುವಾಗ, ಹತ್ತಿರ ಕಿಡಿಯಿಲ್ಲದಂತೆ, ಸೀಸೆಯೊಂದರಲ್ಲಿ ಹಿಡಿದರೆ ಪೆಟ್ರೋಲು ಚಿಮ್ಮುತ್ತದೆಯೋ ಇಲ್ಲವೋ ಕಾಣುತ್ತದೆ. ಇನ್ನೂ ಸುಲಭವಾದ ಲಕ್ಷಣವೊಂದಿತ್ತು. ಕಿಡಿ ತಪ್ಪಿದ ಎಂಜಿನ್ನು ಸಾಮಾನ್ಯವಾಗಿ ದೀಪ ಆರಿದಂತೆ ಒಮ್ಮೆಲೆ ನಿಲ್ಲುತ್ತದೆ. ಬಿಕ್ಕಿ ಬಿಕ್ಕಿ ನಿಲ್ಲುವುದು ಪೆಟ್ರೋಲು ಸಾಲದ ಎಂಜಿನ್ನು. ಆದರೆ ಈ ಪರೀಕ್ಷೆಗಳು ಕಾರು ನಿಂತ ಗಳಿಗೆಯಲ್ಲಿಯೇ ಆಗಬೇಕು. ನಾವು ಗ್ಯಾರೇಜಿಗೆ ಒಯ್ದಾಗ ಅದು ಆರೋಗ್ಯವಂತವಾಗಿರುತ್ತಿತ್ತು. ವೈದ್ಯರ ಮನೆ ಮುಟ್ಟುವಷ್ಟರಲ್ಲಿ ಜ್ವರ ಬಿಟ್ಟ ರೋಗಿಗೆ ಅವರಾದರೂ ಏನು ಮಾಡಿಯಾರು?

ಇಷ್ಟರಲ್ಲಿ ನನ್ನ ಮನಸ್ಸಿನಲ್ಲಿ ನಾಲ್ಕನೆಯ ಕಾರಣವೊಂದು ಮೊಳೆಯಿತು. ಕಾರು ನಿಂತಾಗಲೆಲ್ಲ ನಮ್ಮ ಚಾಲಕರು ಮುಂದಿನ ಬಾನೆಟ್ಟಿನ ಕಡೆಗೆ ಹೋಗುವ ಬದಲು ಒಂದು ಕಡ್ಡಿಯನ್ನು ಹಿಡಿದು ಹಿಂಬದಿಗೆ ಹೋಗುತ್ತಿದ್ದರು. ಪೆಟ್ರೋಲ್ ತೊಟ್ಟಿಯ ಮುಚ್ಚಳ ತೆಗೆದು, ಕಡ್ಡಿಯಿಳಿಸಿ, ಎಷ್ಟಿದೆಯೆಂದು ನೋಡಿ, ಮುಚ್ಚಳ ಹಾಕಿ ಬರುತ್ತಿದ್ದರು. ಬಂದು ಕೀಲಿ ತಿರುವಿದರೆ ಅನೇಕ ಸಲ ಕಾರು ಹತ್ತಿಬಿಡುತ್ತಿತ್ತು. ನಾವು ಅರಿವೆ ಹಾಕಿ ಇಪ್ಪತ್ತು ನಿಮಿಷ ಕಾಯುತ್ತಿದ್ದುದು ಅವರು ಹಿಂದಕ್ಕೆ ಹೋಗದ ದಿನಗಳಲ್ಲಿ ಮಾತ್ರ. ಇದನ್ನು ನಾನು ಸೂಕ್ಷ್ಮವಾಗಿ ಗಮನಿಸಿದೆನೆಂಬ ಹೆಮ್ಮೆ ನನಗಿತ್ತು. ಗಮನಿಸಿ ತೀರ್ಮಾನಿಸಿದ್ದೇನೆಂದರೆ, ನಿಲ್ಲಿಸುವವನೂ ಈತನೇ, ಹತ್ತಿಸುವವನೂ ಈತನೇ. ದಾರಿಯಲ್ಲಿ ನಿಂತ ಹೊತ್ತಿಗೆ ಪೆಟ್ರೋಲು ಪೋಲಾಯಿತೆಂದು ಲೆಕ್ಕ ತೋರಿಸಿ ಊರಲ್ಲಿ ಮಾರಿಕೊಳ್ಳುವ ಹಂಚಿಕೆಯಿದು.

ಒಂದು ದಿನ ಅವರು ನನ್ನೆದುರಿಗೆ, "ಸರ್, ಟ್ಯಾಂಕ್ ತುಂಬಿಸಿದ ದಿನ ಹೆಚ್ಚು ನಿಲ್ತೈತಿ. ಅರ್ಧ ಇದ್ದಾಗ ಅಷ್ಟು ತ್ರಾಸಿಲ್ಲ," ಎಂದರು. ಪೆಟ್ರೋಲು ಹೆಚ್ಚಿದ್ದರೆ ಕಾರು ನಿಲ್ಲುತ್ತದೆ, ಕಡಿಮೆಯಿದ್ದರೆ ಓಡುತ್ತದೆ! ಬೆಂಕಿಯಿಂದ ನೆನೆಸು ಎಂಬ ವಾಕ್ಯವನ್ನು ಯೋಗ್ಯತೆಯಿಲ್ಲದ ವಾಕ್ಯಕ್ಕೆ ಉದಾಹರಣೆಯಾಗಿ ಓದಿದ್ದ ನನಗೆ ಇದು ಅದಕ್ಕಿಂತ ಮಿಗಿಲಾಗಿ ತೋರಿತು. ತುಂಬಿದ ತೊಟ್ಟಿಯ ಲೆಕ್ಕವನ್ನು ತಪ್ಪಿಸಿಕೊಳ್ಳಲು ಆಡಿದ ಮಾತೆಂದು ಬಗೆದು, ಅಂದಿನಿಂದ ಪ್ರತಿ ಪ್ರಯಾಣಕ್ಕೂ ತೊಟ್ಟಿಯನ್ನು ಕಂಠಮಟ್ಟ ತುಂಬಿಸಬೇಕೆಂದು ನಿಯಮ ಮಾಡಿದೆ.

ಮೇ ತಿಂಗಳ ಮಧ್ಯದ ಒಂದು ರಾತ್ರಿ, ಸುಮಾರು ಹತ್ತು ಗಂಟೆಗೆ, ನಮ್ಮ ಅಂದಿನ ಮುಖ್ಯೋಪಾಧ್ಯಾಯರಿಗೆ ಎದೆನೋವು ಕಾಣಿಸಿಕೊಂಡಿತು. ಊರಿನ ವೈದ್ಯರು ನೋಡಿ, ತಡಮಾಡದೆ ಧಾರವಾಡಕ್ಕೆ ಒಯ್ಯಿರೆಂದರು. ತೊಟ್ಟಿ ನನ್ನ ನಿಯಮದಂತೆ ಆ ಸಂಜೆಯಷ್ಟೇ ತುಂಬಿತ್ತು. ಹಿಂದಿನ ಆಸನದಲ್ಲಿ ಅವರನ್ನು ಮಲಗಿಸಿ, ತಲೆಯನ್ನು ಅವರ ಧರ್ಮಪತ್ನಿಯವರ ತೊಡೆಯ ಮೇಲಿರಿಸಿ ಹೊರಟೆವು. ಇನಾಮಹೊಂಗಲ ಹಿಂದಾಯಿತು. ಹಾರೋಬೆಳವಡಿಯ ಹಳ್ಳ ಇನ್ನೂ ದೂರವಿತ್ತು. ಎಂಜಿನ್ನು ಬಿಕ್ಕಿತು.

ಚಾಲಕರು ಇಳಿದು ಕಡ್ಡಿ ಹಿಡಿದು ಹಿಂಬದಿಗೆ ನಡೆದರು. ನನ್ನ ಸಹನೆ ಅಲ್ಲಿಗೆ ಕಡಿಯಿತು. ಇಂಥ ಹೊತ್ತಿನಲ್ಲಿಯೂ ನಿನಗೆ ಪೆಟ್ರೋಲಿನ ಅಳತೆಯೇ ಎಂದು ಏಕವಚನದಲ್ಲಿ ಕೂಗಿದೆ. ಮುಚ್ಚಳಕ್ಕೆ ಕೈ ಹಚ್ಚಿದರೆ ನೋಡು ಎಂದೆ. ಅವರು ಏನನ್ನೋ ಹೇಳಹೋಗಿ, ಹೇಳದೆ, ಕಡ್ಡಿಯನ್ನು ದಾರಿಯ ಬದಿಗೆ ಎಸೆದು ಬಾನೆಟ್ಟು ಎತ್ತಿದರು. ಒದ್ದೆಯ ಅರಿವೆ ಹಾಕಿದೆವು. ಹತ್ತು ನಿಮಿಷ ಕಳೆಯಿತು, ಇಪ್ಪತ್ತು ಕಳೆಯಿತು. ತೊಟ್ಟಿ ತುಂಬಿದ್ದುದರಿಂದಲೋ ಏನೋ ಅಂದು ಅರಿವೆಯೂ ಫಲಿಸಲಿಲ್ಲ. ಕಾರಿನೊಳಗಿನ ನರಳಿಕೆ, ಹೊರಗೆ ಹುಳಗಳ ಸದ್ದು. ನಲವತ್ತು ನಿಮಿಷಗಳ ಮೇಲೆ ಉಳ್ಳಾಗಡ್ಡಿ ಹೇರಿಕೊಂಡು ಧಾರವಾಡದ ಕಡೆಗೆ ಹೊರಟಿದ್ದ ಟೆಂಪೊ ಒಂದು ಬಂದಿತು. ಅಡ್ಡ ನಿಂತು ತಡೆದೆ. ಚೀಲಗಳನ್ನು ಸರಿಸಿ ಅವರನ್ನು ಮಲಗಿಸಿಕೊಂಡು ಹೋದೆವು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಅವರು ಗುಣಮುಖರಾದರು. ದೈವಕೃಪೆಯಿಂದ ೨೦೦೯ರವರೆಗೆ ಬದುಕಿದರು.

ಮರುದಿನ ಆಡಳಿತದವರ ಮುಂದೆ ನನ್ನ ನಿರ್ಣಯವನ್ನು ಮಂಡಿಸಿದೆ. ನನ್ನ ಮಾತಿನಲ್ಲಿ ಪ್ರತಿಜ್ಞೆ, ಹೇತು, ಉದಾಹರಣೆಗಳೆಲ್ಲ ಕ್ರಮವಾಗಿಯೇ ಇದ್ದಿರಬೇಕು. ಚಾಲಕರನ್ನು ಕರೆದು ಕೇಳಿದಾಗ ಅವರು, ನಾನು ಕದ್ದಿಲ್ಲ ಎಂಬ ಒಂದೇ ವಾಕ್ಯ ಹೇಳಿ, ಕೀಲಿಯನ್ನು ಮೇಜಿನ ಮೇಲಿಟ್ಟು ಹೋದರು. ದಿನವಹಿಯಲ್ಲಿ ಆ ತಾರೀಖಿನ ಎದುರಿಗೆ ನಾನು, "ಚಾಲಕನ ದುರುದ್ದೇಶದಿಂದ ವಾಹನ ಮಾರ್ಗಮಧ್ಯದಲ್ಲಿ ನಿಂತಿತು" ಎಂದು ಬರೆದೆ. ಅಕ್ಷರಗಳು ದುಂಡಗಿವೆ.

ಜುಲೈಯಲ್ಲಿ ಹೊಸ ಚಾಲಕನೊಬ್ಬ ಬಂದಿದ್ದ. ಪಠ್ಯಪುಸ್ತಕಗಳನ್ನು ತರಲು ಧಾರವಾಡಕ್ಕೆ ಹೊರಟೆವು. ಮೂರು ದಿನಗಳ ಜಿಟಿಜಿಟಿ ಮಳೆ, ತಣ್ಣನೆಯ ಗಾಳಿ. ಹಾರೋಬೆಳವಡಿಯ ಹತ್ತಿರ ಕಾರು ಬಿಕ್ಕಿ ನಿಂತಿತು.

ಮಳೆಯಲ್ಲಿ ಆ ಕಾರಿನೊಳಗೆ ಕುಳಿತ ಗಳಿಗೆಯನ್ನು ನಾನು ಮರೆಯಲಾರೆ. ತಾಪವಿಲ್ಲ, ಕಾರು ನಿಂತಿದೆ. ಆ ಚಾಲಕರಿಲ್ಲ, ಕಾರು ನಿಂತಿದೆ. ಕಾರಣವಿಲ್ಲದೆಯೂ ಕಾರ್ಯ ನಡೆದರೆ ಅದು ಕಾರಣವಲ್ಲವೆಂಬ ವ್ಯತಿರೇಕ ವಿಚಾರ ಎರಡು ಸಲ ಒಟ್ಟಿಗೆ ಬಂದು ಎದೆಗೆ ಬಡಿಯಿತು. ಹಸಿ ಕಟ್ಟಿಗೆ ಕೂಡಿದರೆ ಮಾತ್ರ ಬೆಂಕಿ ಹೊಗೆಯುಗುಳುತ್ತದೆ, ಬೆಂಕಿಯೊಂದನ್ನೇ ನೋಡಿ ಹೊಗೆಯನ್ನು ಊಹಿಸಬಾರದು ಎಂದು ಅನ್ನಂಭಟ್ಟ ಉಪಾಧಿಯನ್ನು ವಿವರಿಸುತ್ತಾನೆ. ನನ್ನ ಅನುಮಾನದೊಳಗಿನ ಆ ಹಸಿ ಕಟ್ಟಿಗೆ ಯಾವುದು? ಆಗ, ಟ್ಯಾಂಕ್ ತುಂಬಿಸಿದ ದಿನ ಹೆಚ್ಚು ನಿಲ್ತೈತಿ ಎಂಬ ಮಾತು ಕಿವಿಯಲ್ಲಿ ಕೇಳಿದಂತಾಯಿತು. ಕೊಡೆಯನ್ನೂ ಹಿಡಿಯದೆ ಇಳಿದು ಹಿಂಬದಿಗೆ ಹೋಗಿ ಮುಚ್ಚಳವನ್ನು ತಿರುವಿದೆ. ಸುಯ್ಯೆಂದು ತೊಟ್ಟಿ ಉಸಿರನ್ನು ಒಳಗೆ ಎಳೆದುಕೊಂಡಿತು. ಸದ್ದು ಹೊರಗೆ ಬರುವ ಗಾಳಿಯದಲ್ಲ, ಒಳಗೆ ಹೋಗುವ ಗಾಳಿಯದು. ಕೀಲಿ ತಿರುವಿಸಿದೆ. ಎಂಜಿನ್ನು ತುಸು ತಿರುಗಿ ಹತ್ತಿತು.

ಹಿಂದಿರುಗುವಾಗ ಮುಚ್ಚಳವನ್ನು ಪೂರ್ತಿ ಬಿಗಿಯದೆ, ಮಳೆಯ ನೀರು ಹೋಗದಂತೆ ಮೇಲೊಂದು ಹೊದಿಕೆ ಕಟ್ಟಿ ಬಂದೆವು. ಎಲ್ಲಿಯೂ ನಿಲ್ಲಲಿಲ್ಲ. ಮರುದಿನ ಮುಚ್ಚಳ ಬಿಗಿದು ಹೊರಟರೆ ನಿಂತಿತು. ತೆಗೆದರೆ ಹತ್ತಿತು. ಮತ್ತೆ ಬಿಗಿದರೆ ಮತ್ತೆ ನಿಂತಿತು. ಇಷ್ಟು ಮಾಡಿದ ಮೇಲೆಯೇ ನನಗೆ ನಂಬಿಕೆ ಬಂದದ್ದು. ನಂಬಿಕೆ ಬಂದ ಮೇಲೆ ರಾತ್ರಿ ನಿದ್ರೆ ಬರಲಿಲ್ಲ.

ನಮ್ಮ ವಿಜ್ಞಾನದ ಗುರುಗಳು ಹಲಗೆಯ ಮೇಲೆ ಇದರ ಮರ್ಮವನ್ನು ಬಿಡಿಸಿದರು. ಪಂಪು ಪೆಟ್ರೋಲನ್ನು ಎಳೆದಷ್ಟೂ ಆ ಜಾಗಕ್ಕೆ ಗಾಳಿ ಬರಬೇಕು. ಬಾರದಿದ್ದರೆ ತೊಟ್ಟಿಯೊಳಗೆ ಇರುವ ಗಾಳಿಯೇ ಹಿಗ್ಗಿ ತೆಳುವಾಗುತ್ತದೆ. ಅದರ ಒತ್ತಡ ಕುಗ್ಗುತ್ತ ಹೋಗಿ, ಕಡೆಗೆ ಪಂಪಿನ ಎಳೆತಕ್ಕೆ ಪೆಟ್ರೋಲು ಒಲಿಯುವುದಿಲ್ಲ. ಕಾರ್ಬ್ಯುರೇಟರಿನ ಬಟ್ಟಲು ಬರಿದಾಗುತ್ತದೆ, ಎಂಜಿನ್ನು ಬಿಕ್ಕುತ್ತದೆ. ನಿಂತ ಮೇಲೆ ಯಾವುದೋ ಸಂದಿಯಿಂದ ಮೆಲ್ಲಗೆ ಗಾಳಿ ನುಸುಳಿ ಒತ್ತಡ ಸರಿಯಾದರೆ ತಾನೇ ಹತ್ತುತ್ತದೆ. ಇನ್ನು ತುಂಬಿದ ತೊಟ್ಟಿಯ ಮಾತು. ತೊಟ್ಟಿಯಲ್ಲಿ ೪ ಲೀಟರಿನಷ್ಟೇ ಗಾಳಿಯ ಜಾಗವಿದ್ದು ೧ ಲೀಟರ್ ಪೆಟ್ರೋಲು ಖರ್ಚಾದರೆ, ಆ ಗಾಳಿ ೫ ಲೀಟರ್ ಜಾಗಕ್ಕೆ ಹರಡಬೇಕು. ಒತ್ತಡದಲ್ಲಿ ಐದರಲ್ಲೊಂದು ಪಾಲು ಹೋಯಿತು. ಅದೇ ೨೪ ಲೀಟರ್ ಗಾಳಿಯಿದ್ದರೆ ೨೫ ಆಗುತ್ತದೆ. ಹೋಗುವುದು ಇಪ್ಪತ್ತೈದರಲ್ಲೊಂದು ಪಾಲು ಮಾತ್ರ. ೧೬೬೨ರಲ್ಲಿ ಬಾಯ್ಲ್ ಎಂಬ ವಿದ್ವಾಂಸ ಪ್ರಕಟಿಸಿದ ನಿಯಮವಿದು. ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳಿಗೂ ಹೇಳಬಹುದೆಂದು ಅವರು ನಕ್ಕರು. ನಮ್ಮ ಚಾಲಕರು ಬಾಯ್ಲನ ಹೆಸರು ಕೇಳಿದವರಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದ್ದರು, ಅಷ್ಟೆ.

ಮುಚ್ಚಳ ಎಲ್ಲಿಯದು? ದಿನವಹಿಯ ಪುಟಗಳನ್ನು ಹಿಂದಕ್ಕೆ ತಿರುವಿದಾಗ ೧೯೯೮ರ ಫೆಬ್ರುವರಿ ಕಡೆಯ ವಾರದಲ್ಲಿ, "ಪೆಟ್ರೋಲ್ ತೊಟ್ಟಿಯ ಮುಚ್ಚಳ ಒಂದು" ಎಂಬ ಖರ್ಚು ನನ್ನ ಕೈಬರಹದಲ್ಲಿಯೇ ಇತ್ತು. ಮೊದಲಿನ ಮುಚ್ಚಳ ಎಲ್ಲಿಯೋ ಬಿದ್ದುಹೋಗಿತ್ತು. ಅಂಗಡಿಯವನು ಎರಡನ್ನು ತೋರಿಸಿದ್ದ. ಒಂದು ಹಗುರ, ಒಳಬದಿಯಲ್ಲಿ ಸೂಜಿಮೊನೆಯಷ್ಟು ತೂತು. ಇನ್ನೊಂದು ತೂಕದ್ದು, ದಪ್ಪ ರಬ್ಬರಿನ ಬಳೆಯುಳ್ಳದ್ದು, ಬೇರೆ ಯಾವುದೋ ವಾಹನದ್ದಿರಬೇಕು. ತೂತಿರುವ ಮುಚ್ಚಳ ಎಂಥ ಮುಚ್ಚಳವೆಂದು ನಗೆಯಾಡಿ ಎರಡನೆಯದನ್ನು ಆರಿಸಿದವನು ನಾನು. ಕೆಲವು ವಾಹನಗಳ ತೊಟ್ಟಿಗೆ ಗಾಳಿಯಾಡಲು ಬೇರೆ ಕೊಳವೆಯಿರುತ್ತದೆ. ನಮ್ಮದು ಉಸಿರಾಡುತ್ತಿದ್ದುದು ಮುಚ್ಚಳದ ಆ ತೂತಿನಿಂದಲೇ.

ಅದೇ ವಾರ ಆಡಳಿತದವರಲ್ಲಿ ನಡೆದುದನ್ನು ಒಪ್ಪಿಕೊಂಡೆ. ಕರೆದುಕೊಂಡು ಬನ್ನಿರೆಂದು ಅವರು ಹೇಳಿದರು. ಬಸ್ಸಿನಲ್ಲಿ ಯರಗಟ್ಟಿಗೆ ಹೋಗಿ, ಅಲ್ಲಿಂದ ನಡೆದು ಅವರ ಹಳ್ಳಿಯನ್ನು ಮುಟ್ಟಿದೆ. ಅವರು ಒಬ್ಬ ಗೌಡರ ಟ್ರ್ಯಾಕ್ಟರ್ ಓಡಿಸಿಕೊಂಡಿದ್ದರು. ಕೈಯಲ್ಲಿದ್ದ ಮುಚ್ಚಳವನ್ನು ಅವರಿಗೆ ತೋರಿಸಿ ಎಲ್ಲವನ್ನೂ ಹೇಳಿದೆ. ಅವರು ಅದನ್ನು ತಿರುವಿ ತಿರುವಿ ನೋಡಿದರು. "ಹಂಗಾರ ಮುಚ್ಚಳದ್ದ ಅದು," ಎಂದರು. ತುಸು ಹೊತ್ತಿನ ಮೇಲೆ, "ಹೆಡ್‌ಮಾಸ್ತರ್ರು ಆರಾಮ ಅದಾರಿಲ್ರಿ?" ಎಂದು ಕೇಳಿದರು. ಮನೆಯೊಳಗಿಂದ ಚಹಾ ಬಂತು. ತಿರುಗಿ ಬನ್ನಿರೆಂದಾಗ, "ಇಲ್ಲಿ ಯಾರೂ ಕಡ್ಡಿ ಹಿಡಿಬ್ಯಾಡ ಅನ್ನೂದಿಲ್ಲರಿ," ಎಂದಷ್ಟೇ ಹೇಳಿ, ಬಸ್ಸಿನ ಹೊತ್ತಾಯಿತೆಂದು ನನ್ನನ್ನು ಟ್ರ್ಯಾಕ್ಟರಿನಲ್ಲಿಯೇ ರಸ್ತೆಯವರೆಗೆ ಬಿಟ್ಟುಹೋದರು. ಬರಲಿಲ್ಲ.

ಇದಿಷ್ಟು ಆಡಳಿತದವರಿಗೆ ಗೊತ್ತಿದ್ದ ಸಂಗತಿ. ಗೊತ್ತಿಲ್ಲದ್ದು ಇನ್ನೊಂದು. ಗುಣವಾಗಿ ಬಂದ ಮುಖ್ಯೋಪಾಧ್ಯಾಯರು ಆ ವರ್ಷದ ಸ್ವಾತಂತ್ರ್ಯೋತ್ಸವದ ಸಭೆಯಲ್ಲಿ, ಕತ್ತಲಲ್ಲಿ ಟೆಂಪೊಗೆ ಅಡ್ಡ ನಿಂತು ತಮ್ಮ ಪ್ರಾಣ ಉಳಿಸಿದವರು ಪಂಡಿತರೆಂದು ಹೇಳಿ ನನಗೆ ಶಾಲು ಹೊದಿಸಿದರು. ಹಿರಿಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ಅದು ನೆನಪಿರಬಹುದು. ಅಂದು ಕೈಚಪ್ಪಾಳೆಯ ನಡುವೆ ನಾನು ತಲೆಬಾಗಿ ಶಾಲನ್ನು ತೆಗೆದುಕೊಂಡೆ. ಆ ನಲವತ್ತು ನಿಮಿಷಗಳನ್ನು ನಾನೇ ಹುಟ್ಟಿಸಿದ್ದೆಂದೂ, ಕಡ್ಡಿ ಹಿಡಿದ ಮನುಷ್ಯನನ್ನು ತಡೆಯದಿದ್ದರೆ ಐದು ನಿಮಿಷದಲ್ಲಿ ಕಾರು ಹೊರಡುತ್ತಿತ್ತೆಂದೂ ಆ ದಿನ ಹೇಳಲಿಲ್ಲ. ಅವರು ಬದುಕಿದ್ದ ಮುಂದಿನ ಹನ್ನೊಂದು ವರ್ಷಗಳಲ್ಲಿ, ವಾರಕ್ಕೆರಡು ಸಲ ಅವರ ಮನೆಯ ಜಗಲಿಯಲ್ಲಿ ಕೂಡುತ್ತಿದ್ದರೂ, ಹೇಳಲಿಲ್ಲ. ಕಡೆಯ ವರ್ಷ ಅವರೇ ಒಮ್ಮೆ, ನಮ್ಮ ಹಳೆಯ ಡ್ರೈವರ್ ಯಾಕೆ ಬಿಟ್ಟುಹೋದ ಎಂದು ಕೇಳಿದರು. ಮಾತನ್ನು ಬೇರೆ ಕಡೆಗೆ ತಿರುಗಿಸಿದೆ.

ಕಾರನ್ನು ಕೊಂಡವನು ಹೋದ ತಿಂಗಳು ಅದನ್ನು ಲಾರಿಗೇರಿಸುವಾಗ, ತೊಟ್ಟಿಗೆ ಹಗುರವಾದ, ತೂತಿನ ಮುಚ್ಚಳವೇ ಇತ್ತು. ಇನ್ನೊಂದು ನನ್ನ ಮೇಜಿನ ಖಾನೆಯಲ್ಲಿದೆ. ರಬ್ಬರಿನ ಬಳೆ ಒಣಗಿ ಬಿರಿದಿದೆ. ೧೯೯೮ರ ದಿನವಹಿಯನ್ನು ದಫ್ತರದಿಂದ ತರಿಸಿ, ಆಡಳಿತದವರ ಒಪ್ಪಿಗೆ ಪಡೆದು, ಮೇ ತಿಂಗಳ ಆ ಸಾಲಿನ ಕೆಳಗೆ, "ಮೇಲಿನ ಬರಹ ಸುಳ್ಳು. ವಾಹನ ನಿಂತದ್ದು ನಾನು ಕೊಂಡು ತಂದ ಮುಚ್ಚಳದಿಂದ. ಚಾಲಕರು ನಿರ್ದೋಷಿಗಳು," ಎಂದು ಬರೆದು ಇಂದಿನ ತಾರೀಖು ಹಾಕಿ ರುಜು ಮಾಡಿದ್ದೇನೆ. ಜಾಗ ಕಡಿಮೆಯಿದ್ದುದರಿಂದ ಅಕ್ಷರಗಳನ್ನು ಸಣ್ಣದಾಗಿ ಬರೆಯಬೇಕಾಯಿತು.